ನಕ್ಷೆಯೊಳಗಿನ ಗುಬ್ಬಿ

ಬಾಗಿಲು ಟೊಳ್ಳು ಸದ್ದು ಮಾಡಿತು.

ಕೆಂಪು ಮೇಡಂ ಬೆರಳಿನ ಗೆಣ್ಣಿನಿಂದ ಇನ್ನೊಮ್ಮೆ ಕುಟ್ಟಿದರು. ಟಕ್ ಟಕ್. ಬೆಂಕಿ ತಡೆಯುವ ಬಾಗಿಲು ಹೀಗೆ ಸದ್ದು ಮಾಡುವುದಿಲ್ಲ. ಗೋಡೆಗೆ ಗುದ್ದಿದ ಹಾಗೆ 'ದಬ್' ಎನ್ನಬೇಕು. ಇದು ಖಾಲಿ ಪೆಟ್ಟಿಗೆಯ ಹಾಗೆ ಉತ್ತರ ಕೊಡುತ್ತಿತ್ತು. ಅವರು ನಿಂತಿದ್ದದ್ದು ಮಕ್ಕಳ ಆಸ್ಪತ್ರೆಯ ಹೊಸ ಕಟ್ಟಡದಲ್ಲಿ. ಇನ್ನು ಸ್ವಲ್ಪ ದಿನಕ್ಕೆ ಇದೇ ವಾರ್ಡಿನಲ್ಲಿ ಸಾಲಾಗಿ ತೊಟ್ಟಿಲುಗಳು ಬರಬೇಕು.

"ಮೇಸ್ತ್ರಿ!"

ಮೇಸ್ತ್ರಿ ಓಡಿ ಬಂದ. ಅಗ್ನಿಶಾಮಕ ಇಲಾಖೆಯ ಈ ತಪಾಸಣಾಧಿಕಾರಿ ಕೆಂಪು ಜೀಪಿನಲ್ಲಿ ಬರುತ್ತಾರೆ, ಅದಕ್ಕೇ ಕೆಂಪು ಮೇಡಂ. ಸಿಟ್ಟು ಬಂದರೆ ಮುಖವೂ ಅದೇ ಬಣ್ಣ ಎಂದು ಕೆಲಸದವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಅಂದಂತೂ ಬೆಳಿಗ್ಗೆಯೇ ಅವರ ತಲೆ ಕೆಟ್ಟಿತ್ತು. ಅತ್ತೆ ಡಬ್ಬಿಗಳನ್ನೆಲ್ಲ ತೊಳೆದು, 'ಸಕ್ಕರೆ' ಎಂದು ಚೀಟಿ ಅಂಟಿಸಿದ್ದ ಡಬ್ಬಿಗೆ ಉಪ್ಪು ತುಂಬಿಟ್ಟಿದ್ದರು. ಉಪ್ಪಿನ ಚಹಾ ಕುಡಿದು ಮನೆ ಬಿಟ್ಟವರ ಮುಖ ಹೇಗಿರಬೇಕೋ ಹಾಗೇ ಇತ್ತು.

"ಈ ಬಾಗಿಲು ಯಾರು ಹಾಕ್ಸಿದ್ದು?"

"ನನ್ನಾಣೆ ಮೇಡಂ, ನಕ್ಷೇಲಿ ಇರೋದನ್ನೇ ಹಾಕಿರೋದು. ನೋಡಿ ಬೇಕಾದ್ರೆ."

ನಕ್ಷೆ ಬಿಚ್ಚಿ ನೋಡಿದರು. ಮೇಸ್ತ್ರಿ ಹೇಳಿದ್ದು ನಿಜ. ಇಲಾಖೆ ಒಪ್ಪಿಗೆ ಕೊಟ್ಟ ನಕ್ಷೆಯಲ್ಲಿ ದಪ್ಪ ಜೋಡಿಗೆರೆಯ ಬಾಗಿಲು ಹೊರಕ್ಕೆ ತೆರೆಯುತ್ತಿತ್ತು. ಮೇಸ್ತ್ರಿ ಕೈಯ ಈ ನಕ್ಷೆಯಲ್ಲಿ ಒಂದೇ ಗೆರೆ. ಅದೂ ಒಳಕ್ಕೆ ತೆರೆಯುವ ಮಾಮೂಲಿ ಬಾಗಿಲು.

"ಉಳಿದ ಬಾಗಿಲುಗಳು?"

"ಮಾದರಿಗೆ ಅಂತ ಇದೊಂದೇ ಬಂದಿದೆ. ಮಿಕ್ಕಿದ್ದು ಮುಂದಿನ ವಾರ."

ಸದ್ಯ, ಬದುಕಿಕೊಂಡೆವು. ಮೇಡಂ ಬಾಗಿಲಿನ ಹಿಂಬದಿ ನೋಡಿದರು. ಪುಟ್ಟ ಗುಬ್ಬಿಯ ಚಿತ್ರವಿದ್ದ ಸ್ಟಿಕ್ಕರ್. ಕೆಳಗೆ ಅಂಗಡಿಯ ಫೋನ್ ನಂಬರು. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಜೀಪು ಹತ್ತಿದರು. ಇದು ಯಾರದೋ ಕಣ್ತಪ್ಪೋ, ಕೈಚಳಕವೋ? ನಕ್ಷೆ ಬರೆದ ಆಫೀಸಿನಲ್ಲೇ ಕೇಳಬೇಕು.

*

ಆಫೀಸು ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಸಾಲು ಸಾಲು ಕಂಪ್ಯೂಟರ್. ಕಪ್ಪು ಪರದೆಗಳ ಮೇಲೆ ಬಣ್ಣದ ಗೆರೆಗಳು. ಸುದ್ದಿ ಮೇಡಂಗಿಂತ ಮೊದಲೇ ಮೆಟ್ಟಿಲು ಹತ್ತಿತ್ತು. ಎಲ್ಲರೂ ಒಬ್ಬ ಹುಡುಗಿಯ ಸುತ್ತ ನಿಂತಿದ್ದರು. ಅವಳು ನೆಲ ನೋಡುತ್ತಿದ್ದಳು.

"ಇವಳೇ," ಎಂದರು ಆಫೀಸಿನ ಯಜಮಾನರು. "ಎಲ್ಲಾ ಡ್ರಾಯಿಂಗಿನ ಮೇಲೂ ಇವಳ ಸ್ಕ್ರಿಪ್ಟ್ ಓಡಿದೆ. ಸಂಜೆಯೊಳಗೆ ಇವಳ ಲೆಕ್ಕ ಚುಕ್ತಾ ಮಾಡಿ ಕಳಿಸ್ತೀನಿ."

ಕೀಲಿಮಣೆಯಲ್ಲಿ ಎರಡು ಸಾಲು ಕುಟ್ಟಿದರೆ ಡ್ರಾಯಿಂಗ್ ತಾನಾಗಿ ಬದಲಾಗುತ್ತದೆ ಎಂದು ಆಫೀಸಿನವರು ಅವಳಿಗೆ ಜಾದೂ ಎಂದು ಹೆಸರಿಟ್ಟಿದ್ದರು. ಇವತ್ತು ಆ ಹೆಸರನ್ನು ಯಾರೂ ಪ್ರೀತಿಯಿಂದ ಹೇಳುತ್ತಿರಲಿಲ್ಲ.

"ಪಾಪ, ಬಿಡಿ ಸರ್. ಚಿಕ್ಕ ಹುಡುಗಿ, ಬೇಕಂತ ಮಾಡಿಲ್ಲ." ಮೃದುವಾಗಿ ಹೇಳಿದವರು ಮ್ಯಾನೇಜರ್. ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದರು. ಮಾತು ಬೆಣ್ಣೆ. "ಸ್ಕ್ರಿಪ್ಟ್ ತಪ್ಪಾಗಿದೆ, ಅಷ್ಟೇ. ತಪ್ಪು ನಂದು ಅಂತ ಬರೆದು ಒಂದು ಸಹಿ ಹಾಕಮ್ಮ. ಲಾಂಡ್ರಿ ಹಾಳೆ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾನೇ ಕೂತು ಕೈಯಲ್ಲಿ ಸರಿ ಮಾಡಿಸ್ತೀನಿ. ಮೇಡಂಗೂ ಕೆಲಸ ಹಗುರ."

ಜಾದೂ ಪೆನ್ನು ಹಿಡಿದುಕೊಂಡಳು.

"ಸಹಿ ಆಮೇಲೆ," ಎಂದರು ಮೇಡಂ. "ಮೊದಲು ನಂಗೆ ಅರ್ಥ ಮಾಡಿಸು. ಏನಿದು ಸ್ಕ್ರಿಪ್ಟು?"

ಹುಡುಗಿ ಪರದೆಯತ್ತ ತಿರುಗಿದಳು. ಕೆಲಸದ ಮಾತು ಬಂದೊಡನೆ ದನಿ ಗಟ್ಟಿಯಾಯಿತು.

"ಬ್ಲಾಕ್ ಕೂರಿಸು ಅಂತ ಕಂಪ್ಯೂಟರಿಗೆ ಬರೆದುಕೊಟ್ಟ ಅಪ್ಪಣೆ ಮೇಡಂ. ಬ್ಲಾಕ್ ಅಂದ್ರೆ ಅಚ್ಚಿದ್ದ ಹಾಗೆ. ಬಾಗಿಲಿನ ಚಿತ್ರ ಒಂದ್ಸಲ ಬರೆದು, ಹೆಸರಿಟ್ಟು, ಲೈಬ್ರರೀಲಿ ಇಟ್ಟಿರ್ತೀವಿ. ಬೇಕಾದ ಕಡೆ ತಂದು ಕೂರಿಸೋದು. ಮುಂಚೆ ಒಂದೊಂದನ್ನೂ ಕೈಯಲ್ಲೇ ಕೂರಿಸ್ತಿದ್ವಿ. ಕತ್ತು ಬಿದ್ದುಹೋಗ್ತಿತ್ತು. ಈಗ ನನ್ನ ಸ್ಕ್ರಿಪ್ಟು ಒಂದೊಂದೇ ಡ್ರಾಯಿಂಗ್ ತೆರೆದು, ಬಾಗಿಲಿನ ಜಾಗ ಹುಡುಕಿ, ಬ್ಲಾಕ್ ಕೂರಿಸಿ ಮುಚ್ಚುತ್ತೆ."

"ನಿನ್ನ ಲೈಬ್ರರೀಲಿ ಇರೋ ಬೆಂಕಿ ಬಾಗಿಲು ತೋರ್ಸು."

ತೋರಿಸಿದಳು. ಜೋಡಿಗೆರೆ. ಹೊರಕ್ಕೆ ತೆರೆಯುತ್ತಿತ್ತು. ಸರಿಯಾಗಿಯೇ ಇತ್ತು.

"ಅಚ್ಚು ಸರಿ. ಬಿದ್ದ ಚಿತ್ರ ತಪ್ಪು. ಅದ್ಹೇಗೆ?"

"ಗೊತ್ತಿಲ್ಲ ಮೇಡಂ." ಕಣ್ಣು ತುಂಬಿತು. "ಸಹಿ ಹಾಕಿದ್ರೆ ಈ ಕಸುಬಲ್ಲಿ ಇನ್ಯಾರೂ ನನ್ನ ಒಳಗೆ ಸೇರ್ಸಲ್ಲ. ಮಕ್ಕಳ ಆಸ್ಪತ್ರೆ ಬಾಗಿಲು ಕೆಡಿಸಿದೋಳು ಅಂತಾರೆ."

ಮೇಡಂಗೆ ಕರುಳು ಚುರುಕ್ ಎಂದಿತು. ಆದರೆ ತಪಾಸಣೆಗೆ ಬಂದವರು ಕರುಳಿನ ಮಾತನ್ನಷ್ಟೇ ಕೇಳಿಕೊಂಡು ಕೂರುವಂತಿಲ್ಲ.

*

"ಇವಳ ಮೇಲೆ ಹಗೆ ಇರೋರು ಯಾರಾದ್ರೂ ಇದಾರಾ?"

ಎಲ್ಲರ ಕಣ್ಣೂ ಮೂಲೆಯ ಮೇಜಿನತ್ತ ಹೋಯಿತು. ಅಲ್ಲಿ ಪೆನ್ಸಿಲ್ ಮಾವ ಕೂತಿದ್ದರು. ಕಂಪ್ಯೂಟರ್ ಬರುವ ಮೊದಲಿನಿಂದ ನಕ್ಷೆ ಬರೆಯುತ್ತಿದ್ದವರು. ಕಿವಿಯ ಮೇಲೆ ಈಗಲೂ ಪೆನ್ಸಿಲ್.

ಅಣ್ಣ ಮೇಡಂ ಪಕ್ಕ ಬಂದು ಪಿಸುಗುಟ್ಟಿದರು. "ಹೇಳ್ಬಾರ್ದು. ಆದ್ರೂ ಹೇಳ್ತೀನಿ. ಊಟದ ಹೊತ್ತಲ್ಲಿ ಮಾವ ಇವಳ ಕಂಪ್ಯೂಟರಲ್ಲಿ ಕೂತಿದ್ದನ್ನ ನಾನೇ ನೋಡಿದೀನಿ. ವಯಸ್ಸಾದೋರು, ಬಿಟ್ಬಿಡಿ."

ಬಿಟ್ಟುಬಿಡಿ ಎಂದವರೇ ಎಳೆದು ತರುತ್ತಿದ್ದರು. ಮೇಡಂ ಅದನ್ನು ಗಮನಿಸಿದರು, ಆದರೂ ಮಾವನ ಎದುರು ಕುರ್ಚಿ ಎಳೆದು ಕೂತರು.

"ಇವಳ ಸ್ಕ್ರಿಪ್ಟ್ ಕಂಡ್ರೆ ನಿಮಗಾಗಲ್ವಂತೆ?"

"ಆಗಲ್ಲ. ಅದನ್ನ ಇವಳ ಮುಖಕ್ಕೇ ಹೇಳಿದೀನಿ."

"ಊಟದ ಹೊತ್ತಲ್ಲಿ ಅವಳ ಕಂಪ್ಯೂಟರಲ್ಲಿ ಏನ್ ಮಾಡ್ತಿದ್ರಿ?"

ಮಾವನ ಕಿವಿ ಕೆಂಪಾಯಿತು. ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡರು.

"ಕಲೀತಿದ್ದೆ."

"ಏನನ್ನ?"

"ಅದನ್ನೇ!" ಮಾವ ಸಿಡುಕಿದರು. "ಇವಳು ಸಂಜೆ ಬ್ಯಾಗ್ ಏರಿಸ್ಕೊಂಡು ಹೊರಡ್ತಾಳೆ. ನಾನು ಕತ್ತು ಮುರ್ಕೊಂಡು ಬಾಗಿಲು ಕೂರಿಸ್ತಾ ಇರ್ತೀನಿ. ಕೇಳೋಣ ಅಂದ್ರೆ ಮರ್ಯಾದೆ ಅಡ್ಡ. ನನ್ನ ಲಾಂಡ್ರಿ ಹಾಳೆ ಮೇಲೆ ಒಂದ್ಸಲ ಓಡಿಸ್ನೋಡ್ದೆ. ಅಷ್ಟೇ. ಗಲ್ಲಿಗೇರಿಸ್ತೀರಾ?"

ಜಾದೂ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಎಷ್ಟೋ ದಿನದಿಂದ ಗುರ್ ಎನ್ನುತ್ತಿದ್ದ ಮುದುಕ ಕದ್ದು ಪಾಠ ಕಲಿಯುತ್ತಿದ್ದನಂತೆ!

"ಲಾಂಡ್ರಿ ಹಾಳೆ ತೆಗೀರಿ," ಎಂದರು ಮೇಡಂ.

ಆಸ್ಪತ್ರೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆಗಳ ಡ್ರಾಯಿಂಗ್ ಅದು. ಮಾವ ತೆರೆದರು. ಬಾಗಿಲುಗಳೆಲ್ಲ ಜೋಡಿಗೆರೆ. ಎಲ್ಲವೂ ಹೊರಕ್ಕೆ ತೆರೆಯುತ್ತಿದ್ದವು. ಎಲ್ಲವೂ ಸರಿ.

ಅದೇ ಸ್ಕ್ರಿಪ್ಟು, ಅದೇ ಲೈಬ್ರರಿ. ಇಲ್ಲಿ ಸರಿ, ಬೇರೆ ಕಡೆ ತಪ್ಪು. ಮೇಡಂ ತಲೆ ಕೆರೆದುಕೊಂಡರು.

*

ಆಗಲೇ ಅತ್ತೆಯ ಫೋನು ಬಂತು. ಮೇಡಂ ಮೆಟ್ಟಿಲ ಬಳಿ ಹೋಗಿ ಎತ್ತಿದರು.

"ಉಪ್ಪಿನ ಚಹಾ ಕುಡಿದೆ ಅಂತ ಮಗನ ಹತ್ರ ದೂರು ಹೇಳಿದ್ಯಂತೆ? ಹೊಸಾ ಸಕ್ಕರೆ ಪೊಟ್ಟಣ ಕಣ್ಣೆದುರಿಗೇ ಇತ್ತಲ್ಲೇ. ಅದನ್ಯಾಕೆ ತೆಗೀಲಿಲ್ಲ?"

"ಸಕ್ಕರೆ ಅಂತ ಹೆಸರಿರೋ ಡಬ್ಬಿ ಒಲೆ ಪಕ್ಕಾನೇ ಇರೋವಾಗ ಪೊಟ್ಟಣ ಯಾಕತ್ತೆ ಒಡೀಲಿ? ಹೆಸರು ನೋಡ್ದೆ, ಹಾಕ್ದೆ. ಒಳಗೇನಿದೆ ಅಂತ ಯಾರು ನೋಡ್ತಾರೆ?"

ಹೇಳಿ ಮುಗಿಸಿದವರು ಅಲ್ಲೇ ನಿಂತರು.

"ಅತ್ತೆ, ನೀವು ಬಂಗಾರ!"

"ಏನಾಯ್ತೇ ನಿಂಗೆ?"

ಫೋನ್ ಇಟ್ಟು ಓಡುತ್ತಲೇ ಒಳಗೆ ಬಂದರು.

"ಜಾದೂ, ಒಂದು ಮಾತು. ಡ್ರಾಯಿಂಗ್ ಒಳಗೆ ಮೊದಲೇ 'ಬೆಂಕಿ ಬಾಗಿಲು' ಅನ್ನೋ ಹೆಸರಿನ ಬ್ಲಾಕ್ ಇದ್ರೆ? ಆಗ ನಿನ್ನ ಸ್ಕ್ರಿಪ್ಟು ಲೈಬ್ರರಿ ತನಕ ಹೋಗುತ್ತಾ?"

ಹುಡುಗಿಯ ಮುಖ ಬಿಳಿಚಿತು.

"ಇಲ್ಲ ಮೇಡಂ. ಹೆಸರು ಒಳಗೇ ಸಿಕ್ಕಿದ್ರೆ ಅದನ್ನೇ ಕೂರಿಸುತ್ತೆ. ಲೈಬ್ರರಿಯದನ್ನೇ ತಂದು ಹಳೇದರ ಮೇಲೆ ಬರಿ ಅಂತ ನಾವೇ ಹೇಳ್ಬೇಕು. ನಾನು ಹೇಳಿಲ್ಲ. ಒಳಗೆ ಇರಲ್ಲ ಅಂದ್ಕೊಂಡಿದ್ದೆ. ಅದು ನನ್ನ ತಪ್ಪೇ."

"ಅದು ನಿನ್ನ ತಪ್ಪು, ಒಪ್ಪಿದೆ. ಈಗ ಇನ್ನೊಬ್ಬರ ತಪ್ಪು ಹುಡುಕೋಣ. ಈ ಡ್ರಾಯಿಂಗೆಲ್ಲ ಎಲ್ಲಿಂದ ಶುರುವಾಗೋದು?"

"ಟೆಂಪ್ಲೇಟಿಂದ. ಆಫೀಸಿನ ಖಾಲಿ ಹಾಳೆ ಅದು. ಎಲ್ಲರೂ ಅದರದ್ದೇ ನಕಲು ತೆಗೆದು ಶುರು ಮಾಡ್ತೀವಿ."

"ನಾನು ಮುಟ್ಟಲ್ಲ," ಎಂದರು ಪೆನ್ಸಿಲ್ ಮಾವ. "ನನ್ನ ಹಳೇ ಹಾಳೇನೇ ನಂಗೆ ಸಾಕು."

ಎಂದೂ ಯಾರಿಗೂ ಉಪಯೋಗಕ್ಕೆ ಬಾರದ ಮಾವನ ಹಠ ಅಂದು ಉಪಯೋಗಕ್ಕೆ ಬಂದಿತ್ತು.

ಜಾದೂ ಟೆಂಪ್ಲೇಟ್ ತೆರೆದಳು. ಹಾಳೆ ಖಾಲಿ. ಆದರೆ ಬ್ಲಾಕುಗಳ ಹೆಸರು ಕೇಳಿದರೆ ಒಂದು ಹೆಸರು ಎದ್ದು ಬಂತು. ಬೆಂಕಿ ಬಾಗಿಲು. ಒಳಗೆ ಇಣುಕಿದರೆ ಒಂಟಿಗೆರೆ, ಒಳಕ್ಕೆ ತೆರೆಯುವ ಮಾಮೂಲಿ ಬಾಗಿಲು.

"ಸಕ್ಕರೆ ಡಬ್ಬೀಲಿ ಉಪ್ಪು," ಎಂದರು ಮೇಡಂ. "ಇನ್ನೇನಾದ್ರೂ ಇದ್ಯಾ ಅದರಲ್ಲಿ?"

"ಒಂದು ಲೇಯರ್ ಇದೆ. ಬೇರೆ ಫೈಲಿಂದ ಚಿತ್ರ ಎತ್ಕೊಂಡು ಬಂದ್ರೆ ಅದು ಇದ್ದ ಪದರದ ಹೆಸರೂ ಅಂಟ್ಕೊಂಡು ಬರುತ್ತೆ. ತಂದವರಿಗೆ ಗೊತ್ತೂ ಆಗಲ್ಲ." ಜಾದೂ ಹುಬ್ಬು ಗಂಟಿಕ್ಕಿ ಓದಿದಳು. "ಇದರ ಹೆಸರು ಗುಬ್ಬಿ."

ಮೇಡಂ ನಕ್ಕರು. ಬೆಳಿಗ್ಗೆಯಿಂದ ಅದೇ ಮೊದಲ ನಗು.

*

ಎಲ್ಲರನ್ನೂ ಯಜಮಾನರ ಕೋಣೆಗೆ ಕರೆದರು. ಟೆಂಪ್ಲೇಟಿನದೂ ಕೆಟ್ಟ ಡ್ರಾಯಿಂಗುಗಳದೂ ಒಂದೊಂದು ನಕಲು ಆಗಲೇ ಮೇಡಂ ಚೀಲ ಸೇರಿತ್ತು.

"ಟೆಂಪ್ಲೇಟ್ ಬದಲಾಯಿಸೋಕೆ ಯಾರಿಗೆ ಆಗುತ್ತೆ?"

"ನಂಗೆ, ಇವರಿಗೆ. ಇಬ್ಬರಿಗೇ," ಎಂದು ಯಜಮಾನರು ಅಣ್ಣನ ಕಡೆ ಕೈ ತೋರಿಸಿದರು.

ಅಣ್ಣ ಮುಗುಳ್ನಕ್ಕರು. "ಪಾಸ್‌ವರ್ಡ್ ಯಾರು ಬೇಕಾದ್ರೂ ಕದಿಬಹುದು ಮೇಡಂ."

"ಕದಿಬಹುದು. ಸರಿ, ಬಾಗಿಲಿನ ಅಂಗಡಿಗೆ ಆರ್ಡರ್ ಕೊಟ್ಟಿದ್ದು ಯಾವಾಗ?"

"ಡ್ರಾಯಿಂಗೆಲ್ಲ ಮುಗಿದ ಮೇಲೆ. ಟೆಂಡರ್ ಕರೆದು."

"ಆದ್ರೆ ಆ ಅಂಗಡಿ ಗುಬ್ಬಿ ಟೆಂಡರಿಗೂ ಮುಂಚೇನೇ ನಿಮ್ಮ ಟೆಂಪ್ಲೇಟಲ್ಲಿ ಗೂಡು ಕಟ್ಟಿತ್ತು. ಫೈಲ್ ಬದಲಾದ ತಾರೀಕು ಹೇಳ್ತಿದೆ."

ಮೇಡಂ ಮೊಬೈಲಿನಲ್ಲಿ ಸ್ಟಿಕ್ಕರಿನ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು.

"ಹಲೋ, ಮಕ್ಕಳ ಆಸ್ಪತ್ರೆ ಬಾಗಿಲುಗಳ ವಿಷಯ. ನಕ್ಷೆ ಬರೆದ ಆಫೀಸಲ್ಲಿದೀನಿ."

"ಓ, ನಮ್ಮ ಭಾವನ ಆಫೀಸಾ?" ಉತ್ಸಾಹದ ದನಿ. "ಭಾವ ಅಲ್ಲೇ ಇರ್ಬೇಕಲ್ಲ? ಮ್ಯಾನೇಜರು. ಅವರನ್ನೇ ಕೇಳಿ, ಎಲ್ಲಾ ಅವರೇ ಸೆಟ್ ಮಾಡಿರೋದು!"

ಅಣ್ಣನ ಮುಗುಳ್ನಗೆ ಇಳಿಯಲು ಮರೆತು ಮುಖದ ಮೇಲೇ ಉಳಿದಿತ್ತು.

"ನಿಮ್ಮ ಭಾಮೈದುನನ ಅಂಗಡಿಗೆ ಬೆಂಕಿ ಬಾಗಿಲು ಮಾಡೋಕೆ ಬರಲ್ಲ," ಎಂದರು ಮೇಡಂ. "ಮಾಮೂಲಿ ಬಾಗಿಲೇ ಬರೋದು. ಹಾಗಾಗಿ ನಕ್ಷೇಲೇ ಮಾಮೂಲಿ ಬಾಗಿಲು ಬರೋ ಹಾಗೆ ಮಾಡಿದ್ರಿ. ಇಲಾಖೆಗೆ ತೋರ್ಸಿದ್ದು ಹಳೇ ನಕ್ಷೆ, ಕಟ್ಟೋರಿಗೆ ಹೋಗಿದ್ದು ಇದು. ಸಿಕ್ಕಿಬಿದ್ರೆ ತಲೆ ಕೊಡೋಕೆ ಸ್ಕ್ರಿಪ್ಟ್ ಬರೆದ ಹುಡುಗಿ ಇದ್ದಳು."

"ಇದೆಲ್ಲ ಊಹೆ."

"ಹಾಗಾದ್ರೆ ಇದನ್ನ ಹೇಳಿ. ನಾನು ಬಂದ ತಕ್ಷಣ ಏನಂದ್ರಿ? ಲಾಂಡ್ರಿ ಹಾಳೆ ಒಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಸರಿ ಮಾಡಿಸ್ತೀನಿ ಅಂದ್ರಿ. ಆಗಿನ್ನೂ ಆ ಹಾಳೆ ಯಾರೂ ತೆರೆದಿರಲಿಲ್ಲ. ಸ್ಕ್ರಿಪ್ಟ್ ಅದರ ಮೇಲೂ ಓಡಿರೋವಾಗ ಅದೊಂದು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು, ಕೆಟ್ಟಿರೋದು ಮಾವ ಮುಟ್ಟದ ಟೆಂಪ್ಲೇಟು ಅಂತ ಮೊದಲೇ ಗೊತ್ತಿಲ್ದೇ ಇದ್ರೆ?"

ಬೆಣ್ಣೆಯ ಮಾತು ಕರಗಿಹೋಗಿತ್ತು. ಯಜಮಾನರು ಫೋನ್ ಎತ್ತಿಕೊಂಡು ಪೊಲೀಸರಿಗೆ ಮಾಡಿದರು.

ಜಾದೂ ಅಣ್ಣನನ್ನೇ ನೋಡುತ್ತಿದ್ದಳು. "ಅಣ್ಣಾ, ಅಲ್ಲಿ ಮಕ್ಕಳು ಮಲಗ್ತಾರೆ," ಎಂದಳು. ಅಷ್ಟೇ ಅವಳಿಂದ ಹೇಳಲು ಆದದ್ದು. ಅವರು ಮುಖ ಎತ್ತಲೇ ಇಲ್ಲ.

*

ಅಂದು ಸಂಜೆಗೆ ಮುಂಚೆ ಜಾದೂ ಸ್ಕ್ರಿಪ್ಟಿಗೆ ಹೊಸ ಸಾಲುಗಳನ್ನು ಸೇರಿಸಿದಳು. ಎಲ್ಲರೂ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಒಂದಾದ ಮೇಲೊಂದು ಡ್ರಾಯಿಂಗ್ ತೆರೆಯಿತು, ಬ್ಲಾಕ್ ಬದಲಾಯಿತು, ಮುಚ್ಚಿತು. ಒಂಟಿಗೆರೆ ಹೋಗಿ ಜೋಡಿಗೆರೆ ಬಂತು. ಚಹಾ ಆರುವುದರೊಳಗೆ ಇಡೀ ಆಸ್ಪತ್ರೆಯ ಬಾಗಿಲುಗಳು ಹೊರಕ್ಕೆ ತಿರುಗಿದ್ದವು.

ಸಹಿಗೆಂದು ಇಟ್ಟಿದ್ದ ಕಾಗದವನ್ನು ಯಜಮಾನರೇ ಹರಿದರು. "ಬಾಯಿಗೆ ಬಂದದ್ದು ಅಂದ್ಬಿಟ್ಟೆ ಕಣಮ್ಮ. ಮನಸ್ಸಲ್ಲಿ ಇಟ್ಕೋಬೇಡ."

"ಇನ್ಮೇಲೆ ಬ್ಲಾಕ್ ಕೂರಿಸೋಕೆ ಮುಂಚೆ ಒಳಗಿರೋದನ್ನ ಬಿಚ್ಚಿ ನೋಡುತ್ತೆ ಮೇಡಂ," ಎಂದಳು ಜಾದೂ. "ಲೈಬ್ರರಿಗೆ ಹೋಲಲಿಲ್ಲ ಅಂದ್ರೆ ನಿಂತು ಕೂಗುತ್ತೆ. ಆ ಭಾಗಕ್ಕೆ ಅತ್ತೆ ಅಂತ ಹೆಸರಿಟ್ಟಿದೀನಿ. ಪರವಾಗಿಲ್ವಾ?"

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿಯಾದ ಹೆಸರು. ನಮ್ಮನೇಲೂ ಅದೇ ಕೆಲಸ."

ಪೆನ್ಸಿಲ್ ಮಾವ ಕೆಮ್ಮಿದರು. ಕುರ್ಚಿಯನ್ನು ಸದ್ದಾಗದಂತೆ ಜಾದೂ ಪಕ್ಕಕ್ಕೆ ಎಳೆದುಕೊಂಡರು. "ಅದೇನೋ ಬರೆದ್ಯಲ್ಲ, ಮೊದಲಿಂದ ಹೇಳು. ನಿಧಾನಕ್ಕೆ."

*

ಕಟ್ಟಡ ಮುಗಿಯುವ ಹೊತ್ತಿಗೆ ಕೆಂಪು ಮೇಡಂ ಮತ್ತೆ ತಪಾಸಣೆಗೆ ಬಂದರು. ಈ ಸಲ ಜೀಪಿನಲ್ಲಿ ಜಾದೂ ಕೂಡ ಇದ್ದಳು. ತಾನು ಪರದೆಯ ಮೇಲೆ ಕೂರಿಸಿದ ಬಾಗಿಲನ್ನು ಅವಳು ಎಂದೂ ಕೈಯಿಂದ ಮುಟ್ಟಿರಲಿಲ್ಲ. ವಾರ್ಡಿನಲ್ಲಿ ಬಣ್ಣದ ವಾಸನೆ. ಗೋಡೆಯ ಪಕ್ಕ ತೊಟ್ಟಿಲುಗಳು ಆಗಲೇ ಬಂದಿದ್ದವು.

"ಕುಟ್ಟು," ಎಂದರು ಮೇಡಂ.

ಹುಡುಗಿ ಹಿಂಜರಿಯುತ್ತಾ ಬೆರಳು ಮಡಿಸಿ ಕುಟ್ಟಿದಳು.

ದಬ್.

ಅವಳು ಬಾಗಿಲಿಗೆ ಅಂಗೈ ಒತ್ತಿ ಒಂದು ಗಳಿಗೆ ನಿಂತಳು. ಕಣ್ಣು ಒರೆಸಿಕೊಂಡು ತಿರುಗಿದಳು.

"ಮೇಡಂ, ಮಿಕ್ಕಿದ್ದನ್ನೂ ಕುಟ್ಟಿ ನೋಡ್ಲಾ?"

"ಎಲ್ಲಾನೂ ಕುಟ್ಟು. ನಾನು ಕಾಯ್ತೀನಿ."