ತಪ್ಪೇನು ಅಂತ ಹೇಳ್ರೀ

ಒಂದೇ ಕಬ್ಬಿಣದ ತುಂಡನ್ನು ಶನಿವಾರದ ಮೇಲೆ ಶನಿವಾರ ಉಜ್ಜಿಸಿ, ತಪ್ಪೇನೆಂದು ಬಾಯಿಬಿಟ್ಟು ಹೇಳದ ಮನುಷ್ಯನನ್ನು ಪ್ರೀತಿಸುವಷ್ಟು ದಡ್ಡಿ ನಾನಲ್ಲ ಎಂದುಕೊಂಡಿದ್ದೆ. ಆ ಶನಿವಾರಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ನಿವೇದಿತಾ. ಬೆಳ್ಳಂದೂರಿನ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ, ಅಂದರೆ ಬೇರೆಯವರ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. ಇಷ್ಟು ವರ್ಷ ದುಡಿದರೂ ‘ಇದು ನಾನು ಮಾಡಿದ್ದು’ ಎಂದು ಕೈಯಲ್ಲಿ ಹಿಡಿದು ತೋರಿಸುವಂಥದ್ದು ಒಂದೂ ಇಲ್ಲವಲ್ಲ ಎಂಬ ಕೊರಗು ಹತ್ತಿಕೊಂಡಿತ್ತು. ಆಗಲೇ ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಸಮುದಾಯ ವರ್ಕ್‌ಶಾಪ್ ಬಗ್ಗೆ ಕೇಳಿದ್ದು. ಮುಚ್ಚಿಹೋದ ಸಣ್ಣ ಕಾರ್ಖಾನೆಯೊಂದರ ಶೆಡ್ಡು. ಸದಸ್ಯರಾದವರು ಲೇಥು, ಡ್ರಿಲ್ಲು, ವೆಲ್ಡಿಂಗು ಎಲ್ಲವನ್ನೂ ಕಲಿತು ಬಳಸಬಹುದಂತೆ. ಹಿತ್ತಾಳೆಯ ಒಂದು ಬುಗುರಿಯನ್ನು ಲೇಥಿನ ಮೇಲೆ ನನ್ನ ಕೈಯಾರೆ ಕಡೆಯಬೇಕು ಎಂಬುದು ನನ್ನ ಆಸೆ. ನಗಬೇಡಿ, ಅದು ನನಗೆ ದೊಡ್ಡ ಆಸೆಯೇ.

ಮೊದಲ ದಿನ ಬಾಗಿಲ ಮೇಲೆ ‘ಸುಸ್ವಾಗತ’ ಎಂಬ ಬೋರ್ಡಿತ್ತು. ಸ್ವಾಗತಿಸುವವರು ಮಾತ್ರ ಯಾರೂ ಇರಲಿಲ್ಲ. ಒಳಗಿದ್ದವರು ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತಂತಮ್ಮ ಕೆಲಸಕ್ಕೆ ತಲೆ ತಗ್ಗಿಸಿದರು. ಕರೆಯದ ಮದುವೆಗೆ ಬಂದವಳಂತೆ ನಿಂತಿದ್ದೆ. ಕೊನೆಗೆ ತೋಳು ಮಡಚಿದ ಶರ್ಟಿನ ಉದ್ದನೆಯ ಆಸಾಮಿಯೊಬ್ಬ ಬಂದು ಒಂದು ಕೈಯಲ್ಲಿ ಕಬ್ಬಿಣದ ತುಂಡು, ಇನ್ನೊಂದು ಕೈಯಲ್ಲಿ ಅದನ್ನು ಉಜ್ಜುವ ಅರ ಕೊಟ್ಟ.

“ಫ್ಲಾಟ್ ಮಾಡಿ.”

“ಹೇಗೆ?” ಎಂದು ಕೇಳುವಷ್ಟರಲ್ಲಿ ಬೆನ್ನು ತಿರುಗಿಸಿ ಹೊರಟಿದ್ದ. ಅದು ಸುಧೀಂದ್ರ.

ಅವನ ಅಪ್ಪ ವಾದಿರಾಜರು ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಆಯುಷ್ಯ ಕಳೆದು ರಿಟೈರ್ ಆದವರು. ಈ ವರ್ಕ್‌ಶಾಪ್ ಕಟ್ಟಿದ್ದು ಅವರೇ. ಅಲ್ಲಿನ ಅಪ್ರೆಂಟಿಸ್‌ಗಳ ಪದ್ಧತಿಯನ್ನು ಹಾಗೇ ಇಲ್ಲಿಗೂ ಹೊತ್ತು ತಂದಿದ್ದರು. ಹೊಸಬರು ಮೊದಲು ಕಬ್ಬಿಣ ಉಜ್ಜಬೇಕು. ಸಂಜೆ ಅವರು ತುಂಡಿನ ಮೇಲೆ ನೇರ ಅಂಚಿನ ಮೂಲೆಮಟ್ಟ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಸಂದಿಯಲ್ಲಿ ಬೆಳಕು ನುಸುಳಿದರೆ ತುಂಡನ್ನು ನಮ್ಮ ಮೇಜಿನ ಮೇಲೆ ಟಕ್ಕೆಂದು ವಾಪಸ್ ಇಡುತ್ತಾರೆ, ಅಷ್ಟೇ. ಒಂದು ಮಾತಿಲ್ಲ. ಕಾರ್ಖಾನೆಯ ಹುಡುಗರು ದಿನವೂ ಉಜ್ಜಿ ಮೂರು ತಿಂಗಳಲ್ಲಿ ಪಾಸಾಗುತ್ತಿದ್ದರು. ವಾರಕ್ಕೊಂದು ದಿನ ಬರುವ ನಾವು ಯಾವ ಜನ್ಮದಲ್ಲಿ ಪಾಸಾಗಬೇಕು? ಹಾಗಾಗಿಯೇ ಹೊಸಬರು ಒಂದೆರಡು ವಾರ ಬಂದು ನಾಪತ್ತೆಯಾಗುತ್ತಿದ್ದರು. ‘ಈಗಿನವರಿಗೆ ತಾಳ್ಮೆ ಇಲ್ಲ’ ಎಂದು ಹಳಬರು ತೀರ್ಪು ಕೊಡುತ್ತಿದ್ದರು.

ನಾನು ನಾಪತ್ತೆಯಾಗುವ ಪೈಕಿ ಅಲ್ಲ. ಅಂಗೈ ಬೊಬ್ಬೆ ಬಂದು ಒಡೆದ ಸಂಜೆ, ತುಂಡು ಮತ್ತೆ ಟಕ್ಕೆಂದು ನನ್ನ ಮುಂದೆ ಬಿದ್ದಾಗ ನನ್ನ ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ನನ್ನ ಬಾಯಲ್ಲಿ ನಮ್ಮಪ್ಪನ ಗದಗ ಕಡೆಯ ಮಾತು ಬಂದುಬಿಡುತ್ತದೆ.

“ಏನ್ ತಪ್ಪಾಗೇತಿ ಅಂತ ಹೇಳ್ರೀ! ಹೇಳಾಕ ನಿಮಗ ಬಾಯಿ ಇಲ್ಲೇನು?”

ಯಾರೋ ಡ್ರಿಲ್ಲು ಆಫ್ ಮಾಡಿದರು. ವಾದಿರಾಜರು ನನ್ನನ್ನು ನೋಡಿದರು, ಕನ್ನಡಕ ಒರೆಸಿಕೊಂಡರು, ಹೊರಟುಹೋದರು. ಆ ಕಡೆ ಲೇಥಿನ ಹಿಂದೆ ಸುಧೀಂದ್ರ ತುಟಿ ಬಿಗಿಹಿಡಿದು ನಿಂತಿದ್ದ. ತುಟಿಯನ್ನೇನೋ ಬಿಗಿಹಿಡಿದಿದ್ದ, ಕಣ್ಣು ನಗುತ್ತಿತ್ತು. ಆ ಕಣ್ಣಿನ ಮೇಲೆ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮನೆಗೆ ಹೋಗಿ ಮಲಗಿದ ಮೇಲೂ ಅದೇ ಕಣ್ಣು ಕಾಣಿಸಿದ್ದಕ್ಕೆ ಬಂದ ಕೋಪ ಬೇರೆ.

ಮುಂದಿನ ವಾರ ಹೋದರೆ ನನ್ನ ಮೇಜಿನ ಮುಂದೆ, ನಾನು ನಿಲ್ಲುವ ಜಾಗದಲ್ಲಿ, ದಪ್ಪನೆಯ ಮರದ ಹಲಗೆಯೊಂದು ಬಿದ್ದಿತ್ತು. ಹತ್ತಿ ನಿಂತು ಉಜ್ಜಿದೆ. ಮಧ್ಯಾಹ್ನದೊಳಗೆ ತುಂಡು ಸಪಾಟಾಯಿತು. ಮೂಲೆಮಟ್ಟ ನಾನೇ ಇಟ್ಟು ನೋಡಿದೆ, ಒಂದು ಎಳೆ ಬೆಳಕೂ ಇಲ್ಲ. ಕುಣಿಯಬೇಕಿದ್ದ ನಾನು ನೇರವಾಗಿ ಸುಧೀಂದ್ರನ ಮುಂದೆ ಹೋಗಿ ನಿಂತೆ.

“ಹಲಗೆ ನೀವೇ ಇಟ್ಟಿದ್ದಾ?”

ಹೌದೆಂದು ತಲೆಯಾಡಿಸಿದ.

“ಯಾಕೆ?”

“ತುಂಡು ಕಚ್ಚಿ ಹಿಡಿಯೋ ವೈಸು ನಿಮ್ಮ ಮೊಣಕೈಗಿಂತ ಎತ್ತರ ಇತ್ತು. ಅದಕ್ಕೇ ಅರ ತೂಗ್ತಿತ್ತು. ತುದಿ ಸವೆದು ನಡು ಉಬ್ಬಿಬಿಡ್ತಿತ್ತು.”

“ಇದು ನಿಮಗೆ ಯಾವಾಗ ಗೊತ್ತಾಯ್ತು?”

“ಮೊದಲನೇ ದಿನಾನೇ.”

“ಮೊದಲನೇ ದಿನ! ಮತ್ತೆ ಯಾಕ್ರೀ ಹೇಳ್ಲಿಲ್ಲ?”

ಅವನು ನನ್ನ ಅಂಗೈ ನೋಡಿದ. ಬೊಬ್ಬೆ ಒಡೆದ ಜಾಗ ನೋಡಿ ಅವನ ಮುಖ ಬಾಡಿತು. “ನಂಗೂ ಯಾರೂ ಹೇಳಿರ್ಲಿಲ್ಲ ಕಣ್ರೀ,” ಎಂದ.

ಬೈಯುವುದಕ್ಕೆಂದು ಬಂದವಳು ಬೈಗುಳವನ್ನೆಲ್ಲ ನುಂಗಿಕೊಂಡು ನನ್ನ ಮೇಜಿಗೆ ವಾಪಸ್ ಹೋದೆ. ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿದೆಯೇ?

ವಾದಿರಾಜರಿಗೆ ಮಂಡಿಯ ಆಪರೇಷನ್ ಆಗಿ ಕೆಲವು ವಾರ ಬರುವ ಹಾಗಿರಲಿಲ್ಲ. ಶೆಡ್ಡಿನ ಉಸ್ತುವಾರಿ ಸುಧೀಂದ್ರನ ಮೇಲೆ ಬಿತ್ತು. ಹೊಸಬರಿಗೆ ಕಲಿಸುವ ರೀತಿ ಬದಲಾಗಬೇಕೆಂದು ನಾನು ಬಿಡದೆ ಹಟ ಹಿಡಿದೆ. ಬಾಗಿಲಲ್ಲಿ ಒಬ್ಬರು ನಿಂತು ಹೊಸಬರ ಹೆಸರು ಕೇಳಬೇಕು. ಜಡೆ ಕಟ್ಟಿ, ಬಳೆ ತೆಗೆಯಿರಿ, ಮಿಷನ್ ನಿಲ್ಲಿಸುವ ಕೆಂಪು ಗುಂಡಿ ಇಲ್ಲಿದೆ ಎಂದು ಮೊದಲೇ ಹೇಳಬೇಕು. ತಪ್ಪಾದರೆ ತಪ್ಪೇನೆಂದು ಹೇಳಬೇಕು. ಮೊದಲ ದಿನವೇ ಅವರು ಏನಾದರೊಂದು ಮಾಡಿ ಮನೆಗೆ ಒಯ್ಯಬೇಕು. ಬೀಗದ ಕೈ ತೂಗುಹಾಕುವ ಕೊಕ್ಕೆ ಸಾಕು. ಅದರಲ್ಲಿ ಕತ್ತರಿಸುವುದು, ಉಜ್ಜುವುದು, ತೂತು ಕೊರೆಯುವುದು, ಬಗ್ಗಿಸುವುದು ಎಲ್ಲವೂ ಬರುತ್ತದೆ.

“ಸರಿ,” ಎಂದ ಸುಧೀಂದ್ರ. “ಆದ್ರೆ ಮಾತಾಡೋದು ನೀವು.”

“ಮಿಷನ್ ಗೊತ್ತಿರೋದು ನಿಮಗೆ. ನೀವೇ ಮಾತಾಡ್ಬೇಕು. ಈಗ ನಾನು ಹೊಸಬಳು, ಬಾಗಿಲಿಂದ ಬರ್ತೀನಿ. ಶುರು ಮಾಡಿ.”

ಹೊರಗೆ ಹೋಗಿ ಒಳಗೆ ಬಂದೆ. ಅವನು ಕಂಬದಂತೆ ನಿಂತಿದ್ದ.

“ನಮಸ್ಕಾರ. ನನ್ನ ಹೆಸರು ಸುಧೀಂದ್ರ.”

“ನಗ್ರೀ.”

“ನಗಬೇಕಾ?”

“ಪೊಲೀಸ್ ಸ್ಟೇಷನ್ನಿಗೆ ಬಂದ ಹಾಗಿದೆ. ಇನ್ನೊಂದ್ಸಲ.”

ಎಷ್ಟು ಸಲ ಬಾಗಿಲಿಂದ ಒಳಗೆ ಬಂದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಅವನ ಕಿವಿ ಕೆಂಪಾಗುತ್ತಿತ್ತು. ಕೊನೆಗೊಮ್ಮೆ, “ಬನ್ನಿ, ನಿಮಗೇ ಕಾಯ್ತಿದ್ದೆ,” ಎಂದು ನಿಜವಾಗಿಯೂ ನಕ್ಕ. ಅದು ಹೊಸಬರಿಗೆ ಹೇಳುವ ಮಾತೆಂದು ನನಗೆ ಗೊತ್ತು. ಆದರೂ ನನ್ನ ಎದೆ ಹೊಡೆದುಕೊಂಡಿತು.

ನನ್ನ ಬುಗುರಿಯ ಆಸೆ ಕೇಳಿ ಅವನು ಲೇಥ್ ಕಲಿಸುವಾಗಲೂ ನನ್ನದು ಅದೇ ಕರಾರು. “ಏನ್ ಮಾಡ್ತಿದೀರೋ ಅದನ್ನ ಹೇಳ್ತಾ ಮಾಡಿ,” ಎಂದೆ.

“ಈಗ ಟೂಲ್ ಹತ್ತಿರ ತರ್ತಿದೀನಿ. ಈಗ... ನಿಮ್ಮ ಕೈ ಸ್ವಲ್ಪ ಈ ಕಡೆ ಬರ್ಬೇಕು. ಹಿಡೀಲಾ?”

“ಕೇಳಿ ಹಿಡಿಯೋರು ನೀವೊಬ್ಬರೇ ಇರ್ಬೇಕು.”

“ಹೇಳ್ತಾ ಮಾಡಿ ಅಂದ್ರಲ್ಲ!”

ಅವನ ಬೆರಳು ನನ್ನ ಮಣಿಕಟ್ಟಿನ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚಾಗಿಯೇ ಇತ್ತು. ನಾನೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಸಂಜೆ ಮೂಲೆಯ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಿದ್ದೆವು. ಈರುಳ್ಳಿ ತಿನ್ನದ ಮನೆಯವನು ನನ್ನ ಈರುಳ್ಳಿ ದೋಸೆಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ಕಳ್ಳನಂತೆ ಸುತ್ತ ನೋಡುವಾಗ ನನಗೆ ಖಾತ್ರಿಯಾಯಿತು, ನಾನು ಈ ಮನುಷ್ಯನನ್ನು ಪ್ರೀತಿಸುತ್ತಿದ್ದೇನೆ. ಅವನ ಕಣ್ಣಲ್ಲೂ ಅದೇ ಇತ್ತು. ಬಾಯಲ್ಲಿ ಮಾತ್ರ ಇರಲಿಲ್ಲ. ಬರುತ್ತದೆ ಬಿಡು ಎಂದುಕೊಂಡೆ.

ಹೊಸಬರು ಬಂದರು, ಉಳಿದರು. ಪಟ್ಟಂದೂರು ಅಗ್ರಹಾರದಿಂದ ಸೌಮ್ಯಾ ಎಂಬ ಸ್ಕೂಲ್ ಟೀಚರ್ ಪ್ರತಿ ವಾರ ಬಸ್ಸು ಬದಲಿಸಿ ಬರುತ್ತಿದ್ದರು. ಶೆಡ್ಡಿನಲ್ಲಿ ನಗು ಕೇಳಿಸತೊಡಗಿತ್ತು.

ಆ ಶನಿವಾರ ವಾದಿರಾಜರು ಕೋಲೂರಿಕೊಂಡು ಹೇಳದೆ ಕೇಳದೆ ಬಂದರು. ಬಾಗಿಲಲ್ಲೇ ನಿಂತು ಸಾಲಾಗಿ ಇಟ್ಟಿದ್ದ ಕೊಕ್ಕೆಗಳನ್ನು ನೋಡಿದರು.

“ಏನಿದು, ಸಮ್ಮರ್ ಕ್ಯಾಂಪಾ? ಉಜ್ಜೋಕೆ ಬರದವರ ಕೈಗೆ ಡ್ರಿಲ್ ಕೊಟ್ಟಿದ್ದು ಯಾರು?”

ನಾನು ಸುಧೀಂದ್ರನ ಕಡೆ ನೋಡಿದೆ. ಎಲ್ಲರೂ ಅವನ ಕಡೆಯೇ ನೋಡಿದರು. ಅವನು ಬಟ್ಟೆಯ ಚೂರಿನಿಂದ ಡ್ರಿಲ್ಲಿನ ಮೂತಿ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

“ನಾನು, ಸಾರ್,” ಎಂದೆ.

“ನಾಳೆ ಮೀಟಿಂಗ್ ಕರೀತೀನಿ. ಇದು ಇಲ್ಲಿಗೇ ನಿಲ್ಬೇಕು. ನಿಮಗೆ ನಮ್ಮ ಪದ್ಧತಿ ಹಿಡಿಸದಿದ್ರೆ ಬೇರೆ ಜಾಗ ನೋಡ್ಕೊಳ್ಳಿ ಮೇಡಂ.”

ಬ್ಯಾಗು ಎತ್ತಿಕೊಂಡು ಹೊರಗೆ ನಡೆದೆ. ಸುಧೀಂದ್ರ ಆಗಲೂ ತಲೆ ಎತ್ತಲಿಲ್ಲ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಆಟೊದೊಳಗೆ ಕೂತು ಅಳು ಬಂತು. ಅದು ದುಃಖದ ಅಳು ಅಲ್ಲವೇ ಅಲ್ಲ. ರೋಷ.

ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಬಂದ. ಸೆಕ್ಯುರಿಟಿಯವರ ಕುರ್ಚಿಯ ಪಕ್ಕ ನಿಂತು, ಮಾತಿಲ್ಲದೆ, ಅಂಗೈ ಚಾಚಿದ. ಹೊಳೆಯುವ ಹಿತ್ತಾಳೆಯ ಬುಗುರಿ. ಎಷ್ಟು ಚೆಂದ ಕಡೆದಿದ್ದನೆಂದರೆ ನನ್ನ ಸಿಟ್ಟು ಇಮ್ಮಡಿಯಾಯಿತು.

“ಇದನ್ನ ನಾನು ಮಾಡ್ಬೇಕಿತ್ತು,” ಎಂದೆ. “ನಿಮಗೆ ಗೊತ್ತಿತ್ತು, ನಾನೇ ಮಾಡ್ಬೇಕು ಅಂತ.”

“ನಿವೇದಿತಾ...”

“ಇದರ ಅರ್ಥ ಏನು? ಸಾರಿ ಅಂತನಾ? ಇಷ್ಟ ಅಂತನಾ? ಬೆಳಕಿಗೆ ಹಿಡಿದು ನೋಡ್ಕೋಬೇಕಾ ನಾನು?”

“ಅಪ್ಪನ ಎದುರು ನಂಗೆ ಮಾತು ಬರಲ್ಲ. ಚಿಕ್ಕೋನಿದ್ದಾಗಿಂದ ಬಂದಿಲ್ಲ.”

“ನಾಳೆ ಬರ್ಬೇಕು. ಅಲ್ಲಿ ಬಾಯಿ ಬಿಡದೋರು ಇಲ್ಲಿ ಬಂದು ಕೈ ಚಾಚೋದು ಬೇಡ.”

ಬುಗುರಿಯನ್ನು ಅವನ ಅಂಗೈಯಲ್ಲೇ ಬಿಟ್ಟು ಒಳಗೆ ಬಂದೆ. ನಾಳೆಯೂ ಅವನು ಸುಮ್ಮನಿದ್ದರೆ ವರ್ಕ್‌ಶಾಪೂ ಹೋಯಿತು, ಅವನೂ ಹೋದ.

ಭಾನುವಾರ ಎಲ್ಲರೂ ಸ್ಟೂಲು, ಡಬ್ಬ, ಮೆಟ್ಟಿಲು ಸಿಕ್ಕಿದ್ದರ ಮೇಲೆ ಕೂತರು. ವಾದಿರಾಜರು ತಮ್ಮ ಕಾಲದ ಶಿಸ್ತು ಹೇಳಿದರು. ಹಳಬರು ತಲೆದೂಗಿದರು. “ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಎಂದು ಕೇಳಿ, ಇರುವುದಿಲ್ಲವೆಂಬ ಭರವಸೆಯಲ್ಲಿ ಕೋಲು ಕೈಗೆ ತೆಗೆದುಕೊಂಡರು.

ಸುಧೀಂದ್ರ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಮತ್ತೆ ಸರಿಮಾಡಿಕೊಂಡ. ನಾನು ನನ್ನ ದುಪಟ್ಟಾದ ತುದಿಯನ್ನು ಮುದ್ದೆ ಮಾಡುತ್ತ ಕೂತಿದ್ದೆ.

“ಅಪ್ಪಾ, ನಂಗೂ ನೀವೇ ಉಜ್ಜೋಕೆ ಕೊಟ್ರಿ. ತುಂಡು ವಾಪಸ್ ಇಡ್ತಿದ್ರಿ. ಮನೇಲಿ ಊಟಕ್ಕೆ ಕೂತಾಗ್ಲೂ ಹೇಳ್ತಿರ್ಲಿಲ್ಲ. ತಪ್ಪು ತುಂಡಲ್ಲಿದೆಯೋ ನನ್ನಲ್ಲಿದೆಯೋ ಅಂತ ಯೋಚಿಸ್ತಾ ಮಲಗ್ತಿದ್ದೆ. ನಾನು ಮೊದಲು ಕಲ್ತಿದ್ದು ಉಜ್ಜೋದಲ್ಲ ಅಪ್ಪಾ. ನಿಮ್ಮ ಮುಖ ಓದೋದು.”

ಅವನು ಹಳಬರ ಕಡೆ ತಿರುಗಿದ.

“ಇಲ್ಲಿಂದ ಬಿಟ್ಟು ಹೋದ ಒಬ್ಬೊಬ್ಬರದೂ ತಪ್ಪೇನು ಅಂತ ನಂಗೆ ಗೊತ್ತಿತ್ತು. ಒಂದೊಂದು ಮಾತು ಸಾಕಿತ್ತು. ನಾನು ಹೇಳ್ಲಿಲ್ಲ. ನಿವೇದಿತಾ ಮಾಡಿದ್ದು ಸರಿ. ಡ್ರಿಲ್ ಕೊಟ್ಟಿದ್ದು ನಾನು. ನಿನ್ನೆ ಹೇಳ್ಬೇಕಿತ್ತು.”

ವಾದಿರಾಜರ ಮುಖ ಕಪ್ಪಿಟ್ಟಿತು. “ನಮಗೆ ಯಾರು ಹೇಳಿದ್ರೋ?” ಎಂದರು, ದನಿ ಒಡೆದಿತ್ತು. “ನಮ್ಮ ಕೈಗೂ ಬೊಬ್ಬೆ ಬಂದಿತ್ತು ಕಣೋ.”

ಆ ಹೊತ್ತಿನಲ್ಲಿ ಸೌಮ್ಯಾ ಎದ್ದರು. ಟೀಚರ್ ಅಲ್ಲವೇ, ಕೈ ಎತ್ತಿಯೇ ಕೇಳಿದರು. “ಸಾರ್, ನನ್ನ ಕೊಕ್ಕೆ ತೂತು ಓರೆ ಬಂದಿದೆ. ಯಾಕೆ ಅಂತ ನೋಡ್ತೀರಾ?”

ಅವರು ಕೊಕ್ಕೆ ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದರು. ಎಂದಿನಂತೆ ಟಕ್ಕೆಂದು ಮೇಜಿನ ಮೇಲಿಟ್ಟು ಬಾಗಿಲವರೆಗೂ ನಡೆದುಬಿಟ್ಟರು. ಮುಗಿಯಿತು ಎಂದುಕೊಂಡೆ. ಬಾಗಿಲ ಬಳಿ ನಿಂತರು. ಆಮೇಲೆ ಕೋಲೂರಿಕೊಂಡು ವಾಪಸ್ ಬಂದು ಸೌಮ್ಯಾರ ಪಕ್ಕದ ಸ್ಟೂಲಿನ ಮೇಲೆ ಕೂತರು.

“ಡ್ರಿಲ್ ಇಡೋ ಮುಂಚೆ ಆ ಜಾಗದಲ್ಲಿ ಪಂಚ್ ಇಟ್ಟು ಒಂದು ಚುಕ್ಕೆ ಹೊಡೀಬೇಕಮ್ಮ. ನೀವು ಹೊಡೆದಿಲ್ಲ, ಅದಕ್ಕೇ ಜಾರಿದೆ. ಬನ್ನಿ, ತೋರಿಸ್ತೀನಿ.”

ನಾನು ಹೊರಗೆ ಬಂದುಬಿಟ್ಟೆ, ಕಣ್ಣೀರು ಯಾರಿಗೂ ಕಾಣಬಾರದೆಂದು. ಸುಧೀಂದ್ರ ಹಿಂದೆಯೇ ಓಡಿಬಂದ. ಬಸ್ ಸ್ಟಾಪಿನ ಹತ್ತಿರ ಹಿಡಿದ.

“ಹೇಳ್ದೆ,” ಎಂದ, ಏದುಸಿರು ಬಿಡುತ್ತ.

“ಅಪ್ಪನಿಗೆ ಹೇಳಿದ್ರಿ. ನಂಗೇನು ಹೇಳಿದ್ರಿ?”

ಅವನು ಬಾಯಿ ತೆರೆದ ಹೊತ್ತಿಗೆ ಸರಿಯಾಗಿ ಕಾಂಕ್ರೀಟ್ ಲಾರಿಯೊಂದು ಗುಡುಗುತ್ತ ಬಂತು. ಹಿಂದೆಯೇ ಎರಡು ಬಸ್ಸು. ಅವನು ನಿಲ್ಲಿಸಲಿಲ್ಲ. ದನಿ ಎತ್ತಿದ.

“ನಿಮ್ಮನ್ನ ಪ್ರೀತಿಸ್ತೀನಿ! ಹಲಗೆ ಇಟ್ನಲ್ಲ, ಅದಕ್ಕೂ ಮುಂಚಿಂದ! ನೀವು ಬೈದ್ರಲ್ಲ, ಆವತ್ತಿಂದ! ಶನಿವಾರ ನೀವು ಬರೋದು ಲೇಟಾದ್ರೆ ನಂಗೆ ಕೈಯೇ ಓಡಲ್ಲ!”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ಬಂದ ಬಸ್ಸನ್ನೂ ಹತ್ತದೆ ನಿಂತೇಬಿಟ್ಟರು. ಅವನ ಕಿವಿಗಳು ಕೆಂಪು, ಮುಖ ಕೆಂಪು. ನನಗೆ ನಗು ಬಂತು, ಅಳುವೂ ಬಂತು.

ಅವನು ಕಾದ.

“ನೀವು?” ಎಂದ.

“ನಾನೇನು?”

“ನೀವು ಹೇಳ್ಲೇ ಇಲ್ವಲ್ಲ.”

ಎಂಥ ಅಧಿಕಪ್ರಸಂಗ! ಈ ಮನುಷ್ಯನಿಗೆ ಮಾತು ಕಲಿಸಿದ್ದು ನಾನು. “ನನ್ನ ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ?” ಎಂದು ರೇಗಿದೆ.

“ಮುಖ ಓದೋದು ಬಿಟ್ಟೆ ಕಣ್ರೀ,” ಎಂದ ಸುಧೀಂದ್ರ. “ಇವತ್ತಿಂದ.”

ತರಕಾರಿಯ ಹೆಂಗಸು ನನ್ನನ್ನೇ ನೋಡುತ್ತಿದ್ದರು. ಶೆಡ್ಡು ನಡುಗುವಂತೆ ಕೂಗಾಡಿದವಳಿಗೆ ಮೂರು ಮಾತು ಹೊರಡಿಸುವುದು ಇಷ್ಟು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಹೇಳಿದೆ, ಗದಗದ ಮಾತಿನಲ್ಲೇ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ.