ಅಪ್ಪನ ಬಲಗೈ

"ಆ ಕೈ ಅಲ್ಲಪ್ಪ! ನೋವಿರೋ ಕೈ ಮೊದಲು!"

ಗುಬ್ಬಿ ಮಂಚದ ಮೇಲೆ ನಿಂತು ಅಪ್ಪನ ಶರ್ಟ್ ಹಿಡಿದಿದ್ದಳು. ಅಪ್ಪ ಹಲ್ಲು ಕಚ್ಚಿ ಬಲಗೈಯನ್ನು ತೋಳಿನೊಳಗೆ ತೂರಿಸಿದ.

"ಹಾಂ, ಈಗ ಇನ್ನೊಂದು. ಗುಂಡಿ ನಾನು ಹಾಕ್ತೀನಿ. ನೀನು ಅಲ್ಲಾಡಬೇಡ."

"ಆಯ್ತು ಮೇಡಂ."

ಅಪ್ಪ ಗೋಡೆಗಳಿಗೆ ಬಣ್ಣ ಬಳಿಯುವವನು. ಒಂದು ದಿನ ಏಣಿ ಜಾರಿ ಬಿದ್ದು ಬಲಭುಜದ ಕೀಲು ತಪ್ಪಿತ್ತು. ಡಾಕ್ಟರು ಅದನ್ನು ಸರಿಯಾಗಿ ಕೂರಿಸಿ ಕೈಯನ್ನು ಎದೆಗೆ ಕಟ್ಟಿಹಾಕಿದ್ದರು. ಈಗ ಆ ಪಟ್ಟಿ ಬಿಚ್ಚಿಯಾಗಿತ್ತು. ಅಮ್ಮ ಬೆಳಗಾಗುತ್ತಲೇ ಕೆಲಸಕ್ಕೆ ಹೊರಡುತ್ತಿದ್ದಳು. ಹಾಗಾಗಿ ಅಪ್ಪನ ತಲೆ ಬಾಚುವುದು, ಟವೆಲ್ ಹಿಂಡುವುದು, ಚಪ್ಪಲಿ ಮುಂದಿಡುವುದು ಎಲ್ಲ ಗುಬ್ಬಿಯ ಪಾಲಿಗೆ. ಶಾಲೆ ಬಿಟ್ಟ ಮೇಲೆ ಆಟಕ್ಕೂ ನಿಲ್ಲದೆ ಮನೆಗೆ ಓಡಿ ಬರುತ್ತಿದ್ದಳು.

ಅವತ್ತು ರಜೆ. ಆಸ್ಪತ್ರೆಗೂ ಅವಳೇ ಜೊತೆಗೆ ಹೋದಳು.

ಅಲ್ಲಿ ವ್ಯಾಯಾಮ ಮಾಡಿಸುವ ಫಿಸಿಯೋ ಅಕ್ಕ ಅಪ್ಪನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. "ಬೆರಳು ಇರುವೆ ಥರ ಮೇಲೆ ಹತ್ತಲಿ, ನೋಡೋಣ."

ಬೆರಳುಗಳು ಎದೆಯ ಎತ್ತರಕ್ಕೆ ಬಂದು ನಿಂತುಬಿಟ್ಟವು. ಅಪ್ಪನ ಹಣೆಯಲ್ಲಿ ಬೆವರು. ಚಾವಣಿಯ ಮೂಲೆಯವರೆಗೂ ಬ್ರಷ್ ಎಳೆಯುತ್ತಿದ್ದ ಕೈ ಅದು. ಗುಬ್ಬಿ ಬೇರೆ ಕಡೆ ನೋಡಿದಳು.

"ಹೋದ ವಾರಾನೂ ಇಷ್ಟೇ ಇತ್ತಲ್ಲ? ಮನೇಲಿ ನಿಮಗೆ ಶರ್ಟ್ ಯಾರು ಹಾಕ್ತಾರೆ?"

"ನಾನೇ!" ಎಂದಳು ಗುಬ್ಬಿ.

"ತಲೆ ಬಾಚೋದು?"

"ಅದೂ ನಾನೇ!"

ಅಕ್ಕ ಶಹಬ್ಬಾಸ್ ಅನ್ನುತ್ತಾಳೆಂದು ಗುಬ್ಬಿ ಕಾದಳು. ಅಕ್ಕ ಅನ್ನಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಪುಟ್ಟಾ, ಬಳಸದೇ ಇದ್ರೆ ಭುಜ ಬಿಗಿದುಕೊಂಡುಬಿಡುತ್ತೆ. ಆಮೇಲೆ ಕೈ ಮೇಲೇಳೋದೇ ಕಷ್ಟ. ಆ ಸಣ್ಣಪುಟ್ಟ ಕೆಲಸಾನೇ ಅಪ್ಪಂಗೆ ಔಷಧಿ."

ಮನೆಯ ದಾರಿಯಲ್ಲಿ ಗುಬ್ಬಿ ತಲೆ ತಗ್ಗಿಸಿ ಅಪ್ಪನ ಹಿಂದೆ ಹಿಂದೆ ನಡೆದಳು.

"ಯಾಕೇ, ಮುಖ ಊದಿಸ್ಕೊಂಡಿದೀಯ?" ಅಪ್ಪ ಕೇಳಿದ.

"ನಿನ್ನ ಕೈ ವಾಸಿ ಆಗದೇ ಇರೋದು ನನ್ನಿಂದಾನಾ?"

ಅಪ್ಪ ನಡೆಯುವುದನ್ನು ನಿಲ್ಲಿಸಿದ. "ಛೇ, ಇಲ್ಲ ಕಣೇ. ಕೈ ಎತ್ತಿದ್ರೆ ಪ್ರಾಣ ಹೋದ ಹಾಗಾಗುತ್ತೆ. ನಂಗೆ ಭಯ. ಹೇಗೂ ನೀನು ಮಾಡ್ತೀಯಲ್ಲ ಅಂತ ತಪ್ಪಿಸ್ಕೊಳ್ತಿದ್ದೆ."

ತನಗೆ ಭಯ ಎಂದು ಅಪ್ಪ ಹಿಂದೆ ಯಾವತ್ತೂ ಹೇಳಿರಲಿಲ್ಲ.

ಮನೆಗೆ ಬಂದವನೇ ಅಡುಗೆಮನೆಗೆ ಹೋದ. ಲೋಟಗಳಿದ್ದದ್ದು ಅವನ ಎದೆಗಿಂತ ಚೂರು ಮೇಲಿನ ಹಲಗೆಯಲ್ಲಿ. ಬಲಗೈ ಎತ್ತಿದ. ಕೈ ಗಡಗಡ ನಡುಗಿತು. ಬಾಗಿಲ ಬಳಿ ಮಣೆಯ ಮೇಲೆ ಕೂತಿದ್ದ ಗುಬ್ಬಿ ತಟಕ್ಕನೆ ಎದ್ದಳು. ಮತ್ತೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಬೆರಳ ತುದಿಗೆ ತಾಗಿದ ಲೋಟ ಠಣ್ಣೆಂದು ಬಿತ್ತು. ಉರುಳುತ್ತಾ ಅವಳ ಕಾಲ ಬಳಿಯೇ ಬಂತು. ಅವಳು ಎತ್ತಿಕೊಡಲಿಲ್ಲ.

ಅಪ್ಪ ಅವಳನ್ನೇ ನೋಡಿದ. ಬಗ್ಗಿ ಎಡಗೈಯಲ್ಲಿ ಲೋಟ ಎತ್ತಿ ಹಲಗೆಯ ಮೇಲಿಟ್ಟ. ಮತ್ತೆ ಬಲಗೈ ಎತ್ತಿದ. "ಅಮ್ಮಾ..." ಎಂದು ನರಳಿದ. ಈ ಸಲ ಬೆರಳುಗಳು ಲೋಟವನ್ನು ಹಿಡಿದುಕೊಂಡವು. ನೀರು ತುಂಬಿಸಿ, ಗೋಡೆಗೆ ಒರಗಿ, ಒಂದೇ ಉಸಿರಿಗೆ ಕುಡಿದ.

ಗುಬ್ಬಿಯ ಕಣ್ಣು ತುಂಬಿತ್ತು. ಒರೆಸಿಕೊಳ್ಳಲು ಕೂಡ ಕೈ ತೆಗೆಯಲಿಲ್ಲ.

"ಅಪ್ಪಾ," ಎಂದಳು ಮೆಲ್ಲಗೆ, "ನಂಗೂ ಒಂದು ಲೋಟ ಕೊಡ್ತೀಯಾ?"