ಕಾರ್ಡಿನಲ್ಲಿ ನಾಲ್ಕು ಮುಖ

"ಇಲ್ಲೇ ಇಟ್ಟಿದ್ದೆ ಕಣೆ ಹೇಮ, ಕೈಯಾರ ನಾನೇ ಇಟ್ಟಿದ್ದೆ!"

ಅಮ್ಮ ಚೀಲವನ್ನು ಆಸ್ಪತ್ರೆಯ ಬೆಂಚಿನ ಮೇಲೆ ಬೋರಲು ಹಾಕಿದಳು. ಬಾಚಣಿಗೆ ಬಿತ್ತು. ಕುಂಕುಮದ ಪೊಟ್ಟಣ ಬಿತ್ತು. ಅರ್ಧ ತಿಂದ ಚಕ್ಕುಲಿ ಬಿತ್ತು. ಲಗ್ನಪತ್ರಿಕೆ ಮಾತ್ರ ಬೀಳಲಿಲ್ಲ.

ಹೇಮಳ ತಂಗಿ ಅಕ್ಷಿತಾ ಹಸಿರು ಫ್ಲಾಸ್ಕನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಪತ್ರಿಕೆ ಅವಳ ಯೂನಿಫಾರ್ಮಿನೊಳಗೆ, ಹೊಟ್ಟೆಯ ಹತ್ತಿರ ಇತ್ತು. ಜೋರಾಗಿ ಉಸಿರೆಳೆದರೆ ಸರಸರ ಅನ್ನುತ್ತಿತ್ತು. ಅದಕ್ಕೇ ಅವಳು ಮೆಲ್ಲಗೆ ಉಸಿರಾಡುತ್ತಿದ್ದಳು.

"ಬುಡಮ್ಮ, ಮುಂದಿನ ತಿಂಗ್ಳು ಕೊಟ್ರಾಯ್ತು" ಅಂದಳು.

"ಮುಂದಿನ ತಿಂಗ್ಳು ಏನ್ ಕೊಡ್ತೀಯೆ, ಬೀಗರೂಟದ ಮೂಳೆನಾ? ಎಂಟು ವರ್ಸದಿಂದ ಸಿಸ್ಟರು ನಮ್ಮ ಹೇಮಂಗೆ ಔಸ್ದಿ ಕೊಟ್ಟವ್ರೆ. ಅವ್ರನ್ನ ಬಾಯ್ಮಾತಲ್ಲಿ ಕರೆಯಕ್ಕಾಯ್ತದಾ?"

ಹೇಮಕ್ಕ ನಕ್ಕಳು. ಮದುವೆಗೆ ಇನ್ನು ಹತ್ತೇ ದಿನ. ಗಂಡು ನಾಗಮಂಗಲದ ಅಶೋಕ್.

ಹೇಮಕ್ಕನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಲೇಬೇಕು. ತಿಂಗಳಿಗೊಮ್ಮೆ ಅರಕೆರೆಯಿಂದ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು, ಐಸು ಹಾಕಿದ ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗುತ್ತಾರೆ. ಅಪ್ಪನ ಫ್ಯಾಕ್ಟರಿಯ ಇನ್ಶೂರೆನ್ಸ್ ಕಾರ್ಡು ತೋರಿಸಿದರೆ ಸಾಕು, ದುಡ್ಡು ಕೇಳುವುದಿಲ್ಲ. ಆ ಕಾರ್ಡಿನಲ್ಲಿ ನಾಲ್ಕು ಮುಖದ ಫೋಟೋ ಇದೆ. ಅಪ್ಪ, ಅಮ್ಮ, ಹೇಮಕ್ಕ. ಹೇಮಕ್ಕನ ತೊಡೆಯ ಮೇಲೆ ಬೊಚ್ಚುಬಾಯಿಯ ಅಕ್ಷಿತಾ.

ಮೂರು ದಿನದ ಹಿಂದೆ ಕ್ಲಾಸಿನಲ್ಲಿ ಮಾನಸ ಹೇಳಿದ್ದಳು: "ನಮ್ಮಕ್ಕಂಗೆ ಮದ್ವೆ ಆಯ್ತಲ್ಲ, ನಮ್ಮಪ್ಪನ ಕಾರ್ಡಿಂದ ಅವಳ ಹೆಸ್ರು ತೆಗೆದಾಕ್ಬುಟ್ರು. ಮದ್ವೆ ಆದ ಮಗ್ಳು ಬರಲ್ವಂತೆ."

ಅಂದಿನಿಂದ ಅಕ್ಷಿತಾಗೆ ಊಟ ಸೇರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಫ್ಲಾಸ್ಕಿನ ಮುಚ್ಚಳ ಸಡಿಲವಾಗಿ, ಬಿಸಿಲಿಗೆ ಇನ್ಸುಲಿನ್ ಕೆಟ್ಟುಹೋಗಿತ್ತು. ಯಾರಿಗೂ ಗೊತ್ತಾಗಲಿಲ್ಲ. ಹೇಮಕ್ಕ ವಾಂತಿ ಮಾಡಿದಳು. ಓಡಿ ಬಂದವಳ ಹಾಗೆ ಮಲಗಿದಲ್ಲೇ ಏದುಸಿರು ಬಿಟ್ಟಳು. ಕೂಗಿದರೂ ಕಣ್ಣು ತೆರೆಯಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಮೂರು ದಿನ ಇದ್ದಳು. ಆಮೇಲಿನಿಂದ ಫ್ಲಾಸ್ಕು ಹಿಡಿಯುವುದು ಅಕ್ಷಿತಾಳ ಕೆಲಸ. ಮುಚ್ಚಳವನ್ನು ಮೂರು ಸಲ ತಿರುಗಿಸಿ ನೋಡುತ್ತಾಳೆ.

ಮದುವೆಯ ವಿಷಯ ಆಸ್ಪತ್ರೆಯವರಿಗೆ ಗೊತ್ತಾಗದಿದ್ದರೆ ಹೆಸರು ಹೇಗೆ ತೆಗೀತಾರೆ? ಇವತ್ತು ಬರುವಾಗ ಬಸ್ಸಿನಲ್ಲಿ ಅಮ್ಮ ತೂಕಡಿಸುತ್ತಿದ್ದಾಗ ಅವಳು ಪತ್ರಿಕೆಯನ್ನು ಮೆತ್ತಗೆ ಎಳೆದುಕೊಂಡಿದ್ದಳು.

"ಹೇಮ ನಾಗರಾಜು!"

ಕೌಂಟರಿನಿಂದ ಗೌರಮ್ಮ ಸಿಸ್ಟರ್ ಕೂಗಿದರು. ಮೂವರೂ ಎದ್ದರು.

"ಸಿಸ್ಟರೇ, ಬ್ಯಾಸ್ರ ಮಾಡ್ಕಬ್ಯಾಡಿ," ಅಮ್ಮ ಶುರು ಮಾಡಿದಳು. "ಪತ್ರಿಕೆ ಎಲ್ಲೋ ಬಿದ್ದೋಯ್ತು. ನಮ್ಮ ಹೇಮನ ಮದ್ವೆ..."

"ಮದ್ವೆ ಇಲ್ಲ ಸಿಸ್ಟರ್!" ಅಕ್ಷಿತಾ ಕಿರುಚಿದಳು. "ಯಾರ್ಗೂ ಮದ್ವೆ ಇಲ್ಲ!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಬುಡ್ತು ಅನ್ನೇ!" ಅಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಸುಭಕಾರ್ಯದಲ್ಲಿ ಎಂಥ ಮಾತಾಡ್ತೀಯೆ?"

"ಮದ್ವೆ ಆದ್ರೆ ಹೆಸ್ರು ತೆಗೆದಾಕ್ತಾರಮ್ಮ! ಆಮೇಕೆ ಅಕ್ಕಂಗೆ ಇನ್ಸುಲಿನ್ ಕೊಡಲ್ಲ!"

ಅಮ್ಮನ ಕೈ ಹಾಗೇ ಕೆಳಗಿಳಿಯಿತು. "ಏನ್ ಸಿಸ್ಟರೇ ಇದು? ನಿಜವಾ?"

ಗೌರಮ್ಮ ಸಿಸ್ಟರ್ ಪೆನ್ನು ಕೆಳಗಿಟ್ಟರು. "ನಿಜ ಕಣಮ್ಮ. ಮದ್ವೆ ಆದ್ಮೇಲೆ ಅಪ್ಪನ ಕಾರ್ಡಲ್ಲಿ ಬರಲ್ಲ."

ಅಮ್ಮ ಅಲ್ಲೇ ಬೆಂಚಿಗೆ ಕುಸಿದಳು.

"ನಂಗೊತ್ತು ಬುಡಮ್ಮ," ಅಂದಳು ಹೇಮಕ್ಕ. "ಹೋದ ತಿಂಗ್ಳೇ ಸಿಸ್ಟರನ್ನ ಕೇಳಿದ್ದೆ. ನಿಂಗೆ ಹೇಳಿದ್ರೆ ನಿದ್ದೆ ಬುಟ್ಬುಡ್ತೀಯ ಅಂತ ಸುಮ್ಕಿದ್ದೆ. ನಾಗಮಂಗಲದಲ್ಲಿ ಅವ್ರ ಫ್ಯಾಕ್ಟರೀಲೂ ಇಂಥದ್ದೇ ಕಾರ್ಡೈತೆ. ಸೇರಿಸ್ತೀನಿ ಅಂದವ್ರೆ."

"ಅಶೋಕಂಗೆ ಸೂಜಿ ವಿಸ್ಯ ಗೊತ್ತಾ?" ಅಮ್ಮ ತಲೆಯೆತ್ತಿ ಕೇಳಿದಳು.

"ನೋಡಕ್ಕೆ ಬಂದ ದಿನ್ವೇ ಹೇಳ್ದೆ. ಎಲ್ಲಿ ಚುಚ್ಕೋತೀಯ, ನೋವಾಯ್ತದಾ ಅಂತ ಕೇಳುದ್ರು."

"ಸೇರಿಸೋಕೆ ಮದ್ವೆ ಪತ್ರಿಕೆ, ಫೋಟೋ ಎಲ್ಲಾ ಕೇಳ್ತಾರೆ, ಜೋಪಾನವಾಗಿ ಇಟ್ಕೊ," ಅಂದರು ಸಿಸ್ಟರ್. "ಎಷ್ಟು ದಿನ ಹಿಡೀತದೋ ಹೇಳಕ್ಕಾಗಲ್ಲ."

"ಅಲ್ಲೀಗಂಟ?" ಅಕ್ಷಿತಾ ಕೇಳಿದಳು.

ಸಿಸ್ಟರ್ ಇನ್ಸುಲಿನ್ ಡಬ್ಬಿಗಳನ್ನು ಕೌಂಟರಿನ ಮೇಲಿಟ್ಟರು.

"ದುಡ್ಡು ಕೊಟ್ಟು ಔಸ್ದಿ ಅಂಗಡೀಲಿ ತಗೋತೀನಿ ಕಣೆ," ಅಂದಳು ಹೇಮಕ್ಕ. ಮುಖದಲ್ಲಿ ನಗು ಇತ್ತು. ಆದರೆ ಡಬ್ಬಿಗಳನ್ನು ಅವಳು ಎರಡೆರಡು ಸಲ ಎಣಿಸಿದ್ದು ಅಕ್ಷಿತಾಗೆ ಕಂಡಿತು. ಹೋದ ತಿಂಗಳಿಂದ ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೇ ಸೀರೆ ಆರಿಸಿದ್ದಳು, ಬಳೆ ತೊಟ್ಟಿದ್ದಳು, ಎಲ್ಲರ ಜೊತೆ ನಕ್ಕಿದ್ದಳು.

ಅಕ್ಷಿತಾ ಪತ್ರಿಕೆಯನ್ನು ಹೊರಗೆ ತೆಗೆದಳು. ಬೆವರಿಗೆ ಒದ್ದೆಯಾಗಿತ್ತು. ಮೂಲೆಗೆ ಹಚ್ಚಿದ ಅರಿಶಿನ ಅಂಗಿಗೂ ಹತ್ತಿತ್ತು.

"ಕಳ್ಳಿ!" ಅಂದಳು ಅಮ್ಮ. ಬೈಯಲು ಬಾಯಿ ತೆರೆದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಷಿತಾ ಪತ್ರಿಕೆಯ ಸುಕ್ಕನ್ನು ಬೆಂಚಿನ ಮೇಲೆ ತೀಡಿದಳು. ಎರಡೂ ಕೈಯಲ್ಲಿ ಹಿಡಿದು ಸಿಸ್ಟರಿಗೆ ನೀಡಿದಳು. ಅಮ್ಮ ಮನೆಮನೆಯಲ್ಲೂ ಹೇಳುತ್ತಿದ್ದ ಮಾತನ್ನೇ ಅವಳೂ ಹೇಳಿದಳು:

"ನಮ್ಮಕ್ಕನ ಮದ್ವೆ. ಎಲ್ರೂ ಬರ್ಬೇಕು."

ವಾಪಸ್ಸು ಬಸ್ಸಿನಲ್ಲಿ ಅಕ್ಷಿತಾ ಫ್ಲಾಸ್ಕಿನ ಮುಚ್ಚಳವನ್ನು ಮೂರು ಸಲ ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಹೇಮಕ್ಕನ ತೊಡೆಯ ಮೇಲೆ ಇಟ್ಟಳು.

"ಯಾಕೆ, ಕೈ ನೋಯ್ತದಾ?"

"ಇಲ್ಲ. ನೀನೇ ಹಿಡ್ಕೊ. ನಾಗಮಂಗಲದ ಬಸ್ಸಲ್ಲಿ ನಾನಿರಲ್ವಲ್ಲ." ಅಕ್ಷಿತಾ ಕಿಟಕಿಯ ಕಡೆ ನೋಡಿದಳು. "ಆ ಕಡೆ ಬ್ಯಾಡ, ಬಿಸ್ಲು ಬೀಳ್ತದೆ. ಈ ಕಡೆಗಿಟ್ಕೊ."

ಹೇಮಕ್ಕ ಫ್ಲಾಸ್ಕನ್ನು ಈ ಕಡೆಗೆ ಸರಿಸಿದಳು. ತಂಗಿಯ ಕೈಯನ್ನು ಎಳೆದು ಅದರ ಮೇಲಿಟ್ಟು, ತನ್ನ ಕೈಯನ್ನೂ ಇಟ್ಟಳು.

ಬಸ್ಸು ಕುಲುಕಿದಾಗಲೆಲ್ಲ ಒಳಗಿನ ಐಸು ಸದ್ದು ಮಾಡುತ್ತಿತ್ತು. ಇನ್ನೂ ಕರಗಿರಲಿಲ್ಲ.